ಹಾಜಿ ಕೈ ಎತ್ತುವವರೆಗೆ

ಸ್ಫಾಕ್ಸ್, ಜೂನ್ 12, 2023

ತಮ್ಮ ದಾವ್‌ಗೆ,

ಕಾಗದ ನೋಡಿ ಗಾಬರಿಯಾಗಬೇಡ, ಸತ್ತವರ ಸುದ್ದಿಯಲ್ಲ. ಇಲ್ಲಿ ಈಗ ನಮ್ಮಂಥ ಕರಿ ಮೈಯವರನ್ನು ದಾರಿಯಲ್ಲಿ ನಿಲ್ಲಿಸಿ, ಫೋನ್ ಕಿತ್ತುಕೊಂಡು, ಯಾರ ಹತ್ತಿರ ಏನು ಮಾತಾಡಿದ್ದೀಯ ಎಂದು ಬಿಚ್ಚಿ ನೋಡುತ್ತಾರೆ. ಅದಕ್ಕೇ ನಸೀರ ಮಾವನ ವ್ಯಾನಿನಲ್ಲಿ ಬರೆದು ಕಳಿಸುತ್ತಿದ್ದೇನೆ. ಅವನು ಹೇಗೂ ಜನ ತುಂಬಿಕೊಂಡು ಊರಿಗೂ ಇಲ್ಲಿಗೂ ಓಡಾಡುತ್ತಲೇ ಇರುತ್ತಾನೆ, ಬಾಯಿ ಬಿಗಿ ಇರುವ ಮನುಷ್ಯ. ನೀನೂ ಹಾಗೇ ಬರೆ.

ಮೊನ್ನೆ ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಹಿಂದಿನವಳು ಬೆನ್ನಿಗೆ ತಿವಿದು, "ಏಯ್, ನಿಮ್ಮ ದೇಶದಲ್ಲಿ ತಿನ್ನೋಕಿಲ್ವಾ? ನಮ್ಮ ಮಕ್ಕಳ ಪಾಲಿಗೆ ಬಂದಿದ್ದೀರಲ್ಲ" ಅಂದಳು. ನಾನು ತಿರುಗಿ ನಮ್ಮೂರ ಮಾತಲ್ಲೇ ಅಂದೆ: "ಅಮ್ಮಾ ತಾಯಿ, ನಮ್ಮ ಮುತ್ತಜ್ಜ ಈ ದೇಶದಲ್ಲಿ ಬಾವಿ ತೋಡುವಾಗ ನಿಮ್ಮ ಮುತ್ತಜ್ಜ ಇನ್ನೂ ಹಡಗಿಂದ ಇಳಿದಿರಲಿಲ್ಲ ಕಣೆ." ಸಾಲೆಲ್ಲ ನಕ್ಕಿತು. ಅಂಗಡಿಯವನು ಮಾತ್ರ ನಗಲಿಲ್ಲ, ಗುರುತಿನ ಕಾರ್ಡ್ ತೋರಿಸು ಅಂದ. ಈ ಊರಿಗೆ ಬಂದಾಗಿನಿಂದ ಅವನ ಬ್ರೆಡ್ಡನ್ನೇ ತಿಂದವಳು ನಾನು. ತೋರಿಸಿದೆ. ಈಗ ಕಾರ್ಡಿಲ್ಲದೆ ಕಸ ಚೆಲ್ಲಲೂ ಹೊರಗೆ ಹೋಗುವುದಿಲ್ಲ.

ಮೀನಿನ ಶೆಡ್ಡಿನ ಕೆಲಸ ನಡೆಯುತ್ತಿದೆ, ಅದರ ಚಿಂತೆ ಬೇಡ. ಮನೆಯಲ್ಲಿ ನನ್ನ ಜೊತೆ ಒಬ್ಬರಿದ್ದಾರೆ, ಆ ವಿಷಯ ಆಮೇಲೆ ಬರೆಯುತ್ತೇನೆ. ಅಮ್ಮನ ಪೆಟ್ಟಿಗೆಯ ತಳದಲ್ಲಿರುವ ಕೆಂಪು ಬಖ್ನೂಗ್ ಹೊದಿಕೆಯನ್ನು ಮಾವನ ಕೈಲಿ ಕಳಿಸು. ಯಾಕೆ ಎಂದು ಕೇಳಬೇಡ.

ಇನ್ನೊಂದು. ಹಾಜಿ ತೈಬನ ಮಗನ ಮದುವೆ ಜುಲೈ ಮೊದಲ ವಾರವಂತೆ, ಮಾವ ಹೇಳಿದ. ಅಪ್ಪ ಬಿಟ್ಟುಹೋದ ಡೋಲು ಗೋಡೆಯ ಮೇಲೇ ಇರಲಿ ದಾವ್. ಅವನ ದೊಡ್ಡ ಮಗನ ಮದುವೆ ನೆನಪಿದೆಯಲ್ಲ. ಬಂದವರೆಲ್ಲ ಉಂಡಾದ ಮೇಲೆ ಅಪ್ಪ ಗೋಡೆಯಾಚೆ ಕೂತು ಒಂದು ತುತ್ತು ಬಾಯಿಗಿಟ್ಟದ್ದಷ್ಟೇ, ಹಾಜಿ ಕೂಗಿದ: "ನಿಲ್ಲಿಸು ಅಂತ ಯಾರು ಹೇಳಿದ್ರೋ?" ಹಾಜಿ ಕೈ ಎತ್ತುವವರೆಗೆ ಡೋಲು ನಿಲ್ಲಬಾರದು, ಅದು ಅವರ ಮನೆಯ ಪದ್ಧತಿ. ಅಪ್ಪ ಬಾಯಲ್ಲಿದ್ದ ತುತ್ತನ್ನು ನುಂಗಲೂ ಇಲ್ಲ, ಎದ್ದುಹೋಗಿ ಬಾರಿಸಿದ. ಇನ್ನು ಅವನ ಮನೆಯಲ್ಲಿ ನಮ್ಮ ಡೋಲು ಬಾರಿಸುವುದಿಲ್ಲ ಎಂದು ನಾವಿಬ್ಬರೂ ಅವತ್ತು ಆಣೆ ಮಾಡಿದ್ದೇವೆ.

ನಿನ್ನ ಅಕ್ಕ,
ಖದ್ರಾ


ಊರಿಂದ, ಜೂನ್ 18

ಪ್ರೀತಿಯ ಅಕ್ಕನಿಗೆ,

ಕೆಂಪು ಬಖ್ನೂಗ್ ಬೇಕು, ಮನೆಯಲ್ಲಿ "ಒಬ್ಬರಿದ್ದಾರೆ", ಯಾಕೆ ಎಂದು ಕೇಳಬಾರದು! ಅಯ್ಯೋ ನನ್ನಕ್ಕ, ಮದುಮಗಳಲ್ಲದೆ ಕೆಂಪು ಹೊದಿಕೆ ಯಾರು ಹೊದೆಯುತ್ತಾರೆ ಎನ್ನುವುದು ನಮ್ಮೂರ ಮೇಕೆಗೂ ಗೊತ್ತು. ಯಾರು ಭಾವ? ಮೀನಿನ ಶೆಡ್ಡಿನವನೋ, ಬಂದರಿನವನೋ? ನಲವತ್ತು ದಾಟಿದವಳಿಗೆ ನಾಚಿಕೆಯೇನು, ಕರೆದುಕೊಂಡು ಬಾ. ಅಮ್ಮನಿಗೆ ಹೇಳಿದೆ. ಕಣ್ಣಿಗೆ ಪೊರೆ ಬಂದು ಎದುರಿಗೆ ನಿಂತವರೂ ಕಾಣದವಳು, ತಾನೇ ತಡವಿಕೊಂಡು ಹೋಗಿ ಪೆಟ್ಟಿಗೆ ತೆರೆದಳು. ಹೊದಿಕೆಯ ಜೊತೆ ಬ್ಸೀಸಾ ಹಿಟ್ಟು, ಹೊಸ ಹರೀಸಾ ಖಾರ, ಒಂದು ಡಬ್ಬ ಎಣ್ಣೆ ಕಳಿಸಿದ್ದಾಳೆ. ಹಿಟ್ಟು ಭಾವನಿಗಂತೆ, ನಿನಗಲ್ಲ.

ಅಲ್ಲಿಯ ಗಲಾಟೆ ಇಲ್ಲಿಗೂ ಕೇಳಿಸುತ್ತಿದೆ. ಸಿಟ್ಟಾಗಬೇಡ, ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗಾಗಿದೆ ನಮ್ಮ ಸ್ಥಿತಿ. ಮರುಭೂಮಿ ದಾಟಿ, ಸಮುದ್ರ ದಾಟಲು ಬಂದ ಆ ಜನ ತಮ್ಮ ಪಾಡಿಗೆ ತಮ್ಮ ದೇಶದಲ್ಲಿದ್ದಿದ್ದರೆ ನಿನ್ನ ಕಾರ್ಡನ್ನು ಯಾರು ಕೇಳುತ್ತಿದ್ದರು? ನೀನು ಹೊರಗೆ ಹೋಗುವಾಗ ಬಖ್ನೂಗ್ ಹೊದ್ದುಕೊಂಡು ನಮ್ಮೂರ ಮಾತನ್ನು ಗಟ್ಟಿಯಾಗಿ ಆಡು, ನೀನು ಅವರವಳಲ್ಲ ಎಂದು ಜನಕ್ಕೆ ತಿಳಿಯಲಿ. ಹಾಜಿ ತೈಬ್ ಕೂಡ ಮೊನ್ನೆ ಅಂದ: "ನೀವು ಬೇರೆ ಕಣೋ, ನೀವು ನಮ್ಮೋರು. ಖದ್ರಾ ನಮ್ಮನೆ ಅಂಗಳದಲ್ಲೇ ಬೆಳೆದ ಹುಡುಗಿ. ಅವಳಿಗೇನಾದ್ರೂ ತೊಂದ್ರೆ ಆದ್ರೆ ಉಮ್ದಾ ನಾನಿಲ್ವಾ?" ಸರ್ಕಾರ ನೇಮಿಸಿದ ಊರ ಮುಖ್ಯಸ್ಥ, ಉಮ್ದಾ, ಅವನೇ ತಾನೆ, ಅವನ ಮಾತಿಗೆ ಕಚೇರಿಯಲ್ಲಿ ಬೆಲೆಯಿದೆ.

ಡೋಲು ಗೋಡೆಯ ಮೇಲೇ ಇದೆ. ಆ ಯೋಚನೆ ಬಿಡು.

ನಿನ್ನ ತಮ್ಮ,
ದಾವ್


ಸ್ಫಾಕ್ಸ್, ಜೂನ್ 24

ದಾವ್,

"ನೀವು ನಮ್ಮೋರು." ಅವನ ಅಜ್ಜ ನಮ್ಮಜ್ಜನ ಅಪ್ಪನನ್ನು ಗುಲಾಮನಾಗಿ ಕೊಂಡುಕೊಂಡಾಗ ಆಡಿದ್ದೂ ಇದೇ ಮಾತು. ನಿನಗೆ ಅದು ಹಿತವಾಗಿ ಕೇಳಿಸಿತೇ? ಅವನ ಅಂಗಳದಲ್ಲಿ ನಾನು ಬೆಳೆದದ್ದು ಹೇಗೆ? ತಾಮ್ರದ ಹಂಡೆ ತಿಕ್ಕಿ. ಆ ಹಂಡೆ ಮೇಲೆ ಬಿದ್ದು ಹುಬ್ಬು ಸೀಳಿದಾಗ ಹಾಜಿಯೇ ಗಾಯಕ್ಕೆ ಕಾಫಿಪುಡಿ ಒತ್ತಿದ, ನಿಜ. ಒತ್ತಿದವನೇ "ಇನ್ನು ಏಳು, ಉಳಿದ ಹಂಡೆ ಯಾರು ತಿಕ್ತಾರೆ?" ಅಂದ. ಆ ಗಾಯ ಇವತ್ತಿಗೂ ನನ್ನ ಹುಬ್ಬಿನ ಮೇಲಿದೆ.

ಭಾವನೂ ಇಲ್ಲ ಗೀವನೂ ಇಲ್ಲ. ಮನೆಯಲ್ಲಿರುವವಳು ಅಮೆನಾನ್ ಎಂಬ ಹೆಂಗಸು, ಐವರಿ ಕೋಸ್ಟಿನವಳು, ಜೊತೆಗೆ ಇನ್ನೂ ಹಾಲು ಕುಡಿಯುವ ಹೆಣ್ಣುಮಗು. ನಾವಿಬ್ಬರೂ ಶೆಡ್ಡಿನಲ್ಲಿ ಅಕ್ಕಪಕ್ಕ ಕೂತು ಆಕ್ಟೋಪಸ್ ತೊಳೆದವರು. ಅವಳ ಗಂಡನನ್ನು ದಾರಿಯಲ್ಲಿ ಹಿಡಿದುಕೊಂಡು ಹೋದರು, ಎಲ್ಲಿಗೆ ಎಂದು ಗೊತ್ತಿಲ್ಲ. ಮನೆ ಮಾಲೀಕ ಪಾತ್ರೆ ಹಾಸಿಗೆಯನ್ನೆಲ್ಲ ಬೀದಿಗೆ ಎಸೆದ. ಆ ಹಾಸಿಗೆಯ ಮೇಲೆ ಮಗುವನ್ನು ಇಟ್ಟುಕೊಂಡು ಅವಳು ಬಿಸಿಲಲ್ಲಿ ಕೂತಿದ್ದಳು. ನಾನೇನು ಮಾಡಬೇಕಿತ್ತು? ನಿನ್ನ ಹಾಗೆ ಎಮ್ಮೆ ಎತ್ತಿನ ಗಾದೆ ಹೇಳಿ ಮುಂದೆ ಹೋಗಬೇಕಿತ್ತೇ?

ಬಖ್ನೂಗ್ ಅವಳಿಗೆ. ಅದನ್ನು ಹೊದ್ದರೆ ನಮ್ಮೂರ ಕಡೆಯ ದಕ್ಷಿಣದವಳು, ನನ್ನ ಚಿಕ್ಕಪ್ಪನ ಮಗಳು ಎಂದು ಹೇಳಬಹುದು ಅಂದುಕೊಂಡೆ. ಈ ಸೆಖೆಯಲ್ಲಿ ಉಣ್ಣೆ ಹೊದ್ದು ಬೆವರುತ್ತಾ, "ಖದ್ರಾ, ನಿಮ್ಮೂರಿನ ಮದುಮಗಳಾಗೋದಕ್ಕಿಂತ ಸಮುದ್ರ ಈಜೋದೇ ಸುಲಭ" ಎಂದು ನಗುತ್ತಾಳೆ. ಹಾಗೆ ನಗುವಾಗಲೂ ಬಾಗಿಲ ಕಡೆಗೇ ಅವಳ ಕಣ್ಣು.

ಈ ಬೀದಿ ಇನ್ನು ಅವಳಿಗೆ ಸುರಕ್ಷಿತವಲ್ಲ. ಹುಡುಗರು ಗುಂಪು ಕಟ್ಟಿಕೊಂಡು ಬಾಗಿಲು ಬಾಗಿಲು ಒದೆಯುತ್ತಿದ್ದಾರೆ. ಹಗಲು ನಾನು ಮನೆಯಲ್ಲೇ ಇರುವುದರಿಂದ ಇಲ್ಲಿಯವರೆಗೆ ಗದರಿಸಿ ಓಡಿಸಿದ್ದೇನೆ. ಅವಳನ್ನು ಊರಿಗೆ ಕಳಿಸಬೇಕೆಂದಿದ್ದೇನೆ. ನಮ್ಮ ಓಣಿಯಲ್ಲಿ ಎಲ್ಲರೂ ನಮ್ಮವರೇ, ಒಂದು ಕರಿ ಮುಖ ಹೆಚ್ಚಾದರೆ ಯಾರು ಲೆಕ್ಕ ಹಾಕುತ್ತಾರೆ? ಹೂಂ ಅನ್ನು. ಬೇಗ ಬರೆ.

ಖದ್ರಾ


ಊರಿಂದ, ಜೂನ್ 30

ಅಕ್ಕಾ,

ಹಬ್ಬಕ್ಕೆ ನೀನು ಬರಲಿಲ್ಲವೆಂದು ಅಮ್ಮ ಮಾಂಸ ಮುಟ್ಟಲಿಲ್ಲ. ನಿನ್ನ ಕಾಗದದ ವಿಷಯ ಅವಳಿಗೆ ಹೇಳಿಲ್ಲ.

ಬೇಡ ಅಕ್ಕ. ಕಾಲಿಗೆ ಬೀಳುತ್ತೇನೆ, ಕಳಿಸಬೇಡ. ಹಾಜಿ ಮಸೀದಿಯ ಮುಂದೆ ನಿಂತು ಸಾರಿದ್ದಾನೆ: "ಹೊರಗಿನ ಕರಿಯರನ್ನ ಮನೇಲಿಟ್ಟುಕೊಂಡೋರ ಹೆಸರನ್ನ ನಾನೇ ಕೊಡ್ತೀನಿ." ಮದುವೆಗೆ ದೊಡ್ಡವರು ಬರುತ್ತಾರೆಂದು ಊರ ಮುಂದೆ ಸಮವಸ್ತ್ರದವರ ಜೀಪು ನಿಂತಿದೆ. ಅಮ್ಮನ ಕಣ್ಣಿನ ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಆಗಬೇಕಾದರೆ ಹಾಜಿಯ ಸಹಿ ಬೇಕು. ಸಹಿಗೆಂದು ಅವನ ಮನೆಗೆ ನಾನು ಎಷ್ಟು ಸಲ ಅಲೆದಿದ್ದೇನೆ, ನಿನಗೆ ಗೊತ್ತಿಲ್ಲ. ಈಗ ನಾನು ಅವನ ಕಣ್ಣಿಗೆ ಬೀಳುವ ಯಾವ ಕೆಲಸವನ್ನೂ ಮಾಡಲಾರೆ.

ನಿನಗೆ ಧೈರ್ಯ ಸುಲಭ. ನೀನು ಬಿಟ್ಟುಹೋದೆ. ಇಲ್ಲಿ ಉಳಿದವನು ನಾನು.

ಅಂದಹಾಗೆ ಹಗಲೆಲ್ಲ ಮನೆಯಲ್ಲಿರುತ್ತೇನೆ ಎಂದು ಬರೆದಿದ್ದೀಯಲ್ಲ, ಶೆಡ್ಡಿಗೆ ಯಾರು ಹೋಗುತ್ತಾರೆ?

ದಾವ್


ಸ್ಫಾಕ್ಸ್, ಜುಲೈ 1

ದಾವ್,

ನಿನ್ನ ಕಾಗದ ತಲುಪಿತು, ಆದರೆ ನಿನ್ನ ಹೂಂಗೆ ಕಾಯಲಾಗಲಿಲ್ಲ. ಬೆಳಿಗ್ಗೆ ಎದುರು ಮನೆಗೆ ಬೆಂಕಿ ಹಚ್ಚಿದರು.

ಈ ಕಾಗದ ತಂದು ನಿನ್ನ ಕೈಗಿಟ್ಟವಳೇ ಅಮೆನಾನ್. ಅವಳ ಕೈಯಲ್ಲಿರುವುದು ನನ್ನ ಕಾರ್ಡ್. ಹುಚ್ಚಿ ಎನ್ನಬೇಡ. ದಾರಿಯಲ್ಲಿ ತಡೆಯುವವರು ಕಾರ್ಡನ್ನು ನೋಡುತ್ತಾರೆ, ಬಣ್ಣ ನೋಡುತ್ತಾರೆ, ಮುಖ ನೋಡುವುದಿಲ್ಲ. ಅವಳು ನನಗಿಂತ ಗೇಣುದ್ದ ಎತ್ತರ, ವಯಸ್ಸಲ್ಲಿ ಚಿಕ್ಕವಳು, ಆದರೂ ಯಾರಿಗೂ ತಿಳಿಯುವುದಿಲ್ಲ. ಅವರ ಕುರುಡು ಒಂದು ಸಲವಾದರೂ ನಮ್ಮ ಕೆಲಸಕ್ಕೆ ಬರಲಿ.

ಅವಳಿಗೆ ನಮ್ಮೂರ ಮಾತು ಬರುವುದಿಲ್ಲ, ಶೆಡ್ಡಿನಲ್ಲಿ ಕಲಿತ ಹರಕು ಮುರುಕು ಭಾಷೆಯಷ್ಟೇ. ಗಂಟಲು ಕಟ್ಟಿದೆ ಎಂದು ಹೇಳು. ಕಾರ್ಡನ್ನು ಮಾವ ವಾಪಸ್ಸು ಹೊರಡುವಾಗಲೇ ಅವನ ಕೈಗೆ ಕೊಟ್ಟುಬಿಡು. ಅದು ಬರುವವರೆಗೆ ನಾನು ಹೊಸಿಲು ದಾಟುವುದಿಲ್ಲ. ಮರೆಯಬೇಡ ದಾವ್, ಅದಿಲ್ಲದೆ ಈ ಊರಿನಲ್ಲಿ ನಾನು ಯಾರೂ ಅಲ್ಲ.

ಶೆಡ್ಡಿನಲ್ಲಿ ಕರಿಯರನ್ನೆಲ್ಲ ತೆಗೆದುಹಾಕಿದರು, ಕಾರ್ಡಿದ್ದವರನ್ನೂ. ಮೇ ತಿಂಗಳಲ್ಲೇ. ಅಮ್ಮನಿಗೆ ಹೇಳಬೇಡ.

ಖದ್ರಾ


ಊರಿಂದ, ಜುಲೈ 3

ಅಕ್ಕಾ,

ವ್ಯಾನಿನಿಂದ ಅಮ್ಮನ ಬಖ್ನೂಗ್ ಇಳಿದದ್ದು ನೋಡಿ ನೀನೇ ಬಂದೆ ಎಂದು ಓಡಿದೆ. ಹತ್ತಿರ ಹೋದರೆ ಮುಖ ನಿನ್ನದಲ್ಲ. ಬೈಯಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಆ ಮಗು ನನ್ನ ಮೂಗು ಹಿಡಿದುಕೊಂಡಿತು. ಏನು ಮಾಡಲಿ, ಮನೆಗೆ ಕರೆತಂದೆ. ಅಮ್ಮ ಅವಳ ಮುಖದ ಮೇಲೆ ಒಮ್ಮೆ ಕೈಯಾಡಿಸಿ, "ಇವಳು ನನ್ನ ಮಗಳಲ್ಲ. ಯಾರ ಮಗಳಾದ್ರೂ ಆಗಲಿ, ಮೊದ್ಲು ಊಟಕ್ಕಿಡು" ಅಂದಳು. ಓಣಿಯವರಿಗೆಲ್ಲ ಗೊತ್ತು, ಯಾರೂ ತುಟಿ ಬಿಚ್ಚಿಲ್ಲ.

ನಿನ್ನೆ ನಡೆದದ್ದು ಕೇಳು. ಹಾಜಿ ತೈಬ್ ನಮ್ಮ ಅಂಗಳಕ್ಕೇ ಬಂದ. ಅಮೆನಾನ್ ಕೆಂಪು ಹೊದಿಕೆ ಹೊದ್ದು ಮಗುವಿಗೆ ಹಾಲೂಡಿಸುತ್ತಾ ಕೂತಿದ್ದಳು. ಅವನು ಹತ್ತಿರ ಹೋಗಿ ಬಗ್ಗಿ ನೋಡಿದ. ನೋಡಿ, "ಖದ್ರಾ! ಬಂದ್ಯೇನೇ? ಪಟ್ಟಣದ ನೀರು ಕುಡಿದು ಸೊರಗಿಹೋಗಿದ್ದೀಯ. ಆ ಬಖ್ನೂಗ್ ನೋಡಿದ ಕೂಡಲೇ ಗೊತ್ತಾಯ್ತು ಬಿಡು, ನಮ್ಮಮ್ಮ ನಿಮ್ಮಮ್ಮನ ಮದುವೆಗೆ ಕೊಟ್ಟಿದ್ದಲ್ವಾ ಅದು? ನಮಗೆ ಹೇಳದೆ ಮದುವೆ, ಮಗು ಎಲ್ಲ ಮುಗಿಸಿದ್ದೀಯಲ್ಲೇ ಕಳ್ಳಿ! ಬಾ, ನಾಳೆಯಿಂದ ಮದುವೆ ಅಡುಗೆಗೆ ಕುಸ್ಕುಸ್ ಮಾಡೋಕೆ ಕೈ ಸಾಲದು" ಅಂದ. ಅಮೆನಾನ್ ಗಂಟಲು ಮುಟ್ಟಿಕೊಂಡು ತಲೆ ಬಗ್ಗಿಸಿದಳು. ಅವನು ಹೋದ ಮೇಲೆ ನಾನು ನಕ್ಕೆ ಅಕ್ಕ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಆಮೇಲೆ ನಗು ನಿಂತು ಬರೀ ಕಣ್ಣೀರೇ ಉಳಿಯಿತು. ಅಷ್ಟು ವರ್ಷ ಅವನ ಹಂಡೆ ತಿಕ್ಕಿದ್ದೀಯ ನೀನು.

ಕಾರ್ಡ್ ಇವತ್ತು ಕಳಿಸುತ್ತಿಲ್ಲ. ಜೀಪಿನವರು ಈಗ ಓಣಿಯೊಳಗೂ ತಿರುಗುತ್ತಿದ್ದಾರೆ, ಕೇಳಿದರೆ ಅವಳಿಗೆ ತೋರಿಸಲು ಬೇರೇನಿದೆ? ಮದುವೆ ಮುಗಿದು ಜೀಪು ಹೋಗಲಿ, ಮಾರನೇ ದಿನವೇ ಕಳಿಸುತ್ತೇನೆ. ಅಲ್ಲಿಯವರೆಗೆ ಬಾಗಿಲು ಹಾಕಿಕೊಂಡಿರು. ಅವಳನ್ನು ಬೇಡ ಎಂದವನೇ ಹೀಗೆ ಬರೆಯುತ್ತಿದ್ದೇನೆ, ನಗಬೇಡ.

ದಾವ್


ಊರಿಂದ, ಜುಲೈ 7

ಅಕ್ಕಾ,

ಎಲ್ಲಿದ್ದೀಯ? ನನ್ನ ಮೂರನೇ ತಾರೀಖಿನ ಕಾಗದವನ್ನು ಮಾವ ವಾಪಸ್ಸು ತಂದ. ನಿನ್ನ ಬಾಗಿಲು ಮುರಿದು ಬಿದ್ದಿದೆಯಂತೆ, ಮನೆಯಲ್ಲಿ ಚಮಚವೂ ಉಳಿದಿಲ್ಲವಂತೆ. ಪಕ್ಕದವರು, "ಬಸ್ಸಿನಲ್ಲಿ ತುಂಬಿಕೊಂಡು ಹೋದ್ರು, ನಾನು ಈ ದೇಶದವಳು ಅಂತ ಕೂಗ್ತಾನೇ ಇದ್ಲು" ಅಂದರಂತೆ. ಈ ಕಾಗದವನ್ನು ಎಲ್ಲಿಗೆ ಕಳಿಸಲಿ ಎಂದು ತಿಳಿಯದೆಯೇ ಬರೆಯುತ್ತಿದ್ದೇನೆ.

ಡೋಲಿನ ವಿಷಯದಲ್ಲಿ ನಾನು ನಿನಗೆ ಸುಳ್ಳು ಹೇಳಿದೆ. ಅದು ಗೋಡೆಯಿಂದ ಇಳಿದು ತಿಂಗಳಾಯಿತು. ಅಮ್ಮನ ಕಾಗದಕ್ಕೆ ಸಹಿ ಬೇಕಾದರೆ ಮದುವೆಯಲ್ಲಿ ಅಪ್ಪನ ಹಾಗೆ ಬಾರಿಸಬೇಕು ಎಂದಿದ್ದ ಹಾಜಿ. ನಾನು ಹೂಂ ಅಂದಿದ್ದೆ.

ನಿನ್ನೆ ಮಧ್ಯಾಹ್ನ ಹೆಣ್ಣಿನ ಕಡೆಯವರು ಬರುವ ಹೊತ್ತು. ನಾನು ಹಾಜಿಯ ಪಕ್ಕದಲ್ಲೇ ನಿಂತು ಬಾರಿಸುತ್ತಿದ್ದೆ. ಅವನ ಫೋನ್ ಬಂತು. ಡೋಲಿನ ಸದ್ದಿಗೆ ಅವನು ಅರಚಬೇಕಾಯಿತು, ಆದರೂ ಕೈ ಎತ್ತಲಿಲ್ಲ. "ಹೌದು ಸಾರ್, ಉಮ್ದಾನೇ... ಖದ್ರಾ? ನಮ್ಮ ಖದ್ರಾನಾ? ಇಲ್ಲೇ ಇದ್ದಾಳಲ್ಲ ಸಾರ್, ನಮ್ಮನೆ ಅಡುಗೆಗೇ ಬಂದಿದ್ದಾಳೆ, ನಾನೇ ಕಣ್ಣಾರೆ ನೋಡಿದೀನಿ. ಅವಳನ್ನ ಚಿಕ್ಕವಳಿದ್ದಾಗಿಂದ ಬಲ್ಲೆ. ಯಾವಳೋ ಹೆಸರು ಕದ್ದಿದ್ದಾಳೆ, ನಿಮ್ಮ ಕೆಲಸ ನೀವು ಮಾಡಿ." ಹೀಗೆ ಹೇಳುತ್ತಾ ನೆಂಟರ ಕಡೆ ನೋಡಿ ಮೀಸೆಯ ಮೇಲೆ ಕೈಯಾಡಿಸಿದ.

ಅಮೆನಾನ್ ಅಂಗಳದ ಆಚೆ ಬದಿಯಲ್ಲಿ ಕುಸ್ಕುಸ್ ಸೋಸುತ್ತಿದ್ದಳು. ಬಾಗಿಲಲ್ಲೇ ಜೀಪಿನವರು ಊಟಕ್ಕೆ ಕೂತಿದ್ದರು. ಬಾಯಿ ಬಿಟ್ಟರೆ ಅವಳೂ ಮಗುವೂ ಹೋದರು, ಬಿಡದಿದ್ದರೆ ನೀನು ಹೋದೆ. ನನ್ನ ಕೈ ನಿಂತುಬಿಟ್ಟಿತು. ಮಾತು ಮುಗಿಸಿದ ಹಾಜಿ ಫೋನ್ ಕೈಯಲ್ಲಿ ಹಿಡಿದೇ ನನ್ನ ಕಡೆ ತಿರುಗಿದ:

"ನಿಲ್ಲಿಸು ಅಂತ ಯಾರು ಹೇಳಿದ್ರೋ?"

"ಹಾಜಿ ತೈಬ್, ಅವಳು ಖದ್ರಾ ಅಲ್ಲ. ನನ್ನ ಹೆಂಡತಿ. ಖದ್ರಾ ಪಟ್ಟಣದಲ್ಲಿದ್ದಾಳೆ. ಅವರಿಗೆ ಹೇಳಿ" ಅಂದೆ. ಒಡೆಯನೆಂದು ಸೀದಿ ಎನ್ನದೆ ಹೆಸರು ಹಿಡಿದು ಅವನನ್ನು ಕರೆದದ್ದು ಅದೇ ಮೊದಲು.

ಅಷ್ಟರಲ್ಲಿ ಆ ಕಡೆಯವರು ಫೋನ್ ಇಟ್ಟಾಗಿತ್ತು. "ಮತ್ತೆ ಮಾಡಿ, ತಪ್ಪಾಯ್ತು ಅಂತ ಹೇಳಿ" ಎಂದು ಅಂಗಲಾಚಿದೆ. ನೆಂಟರೆಲ್ಲ ನೋಡುತ್ತಿದ್ದರು. ಅವನ ಮುಖ ಕೆಂಪಾಯಿತು. "ನಮ್ಮನೇಲಿ ಬೆಳೆದವಳ ಮುಖ ನನಗೆ ಗೊತ್ತಿಲ್ವಾ? ಇಷ್ಟು ಜನರೆದುರು ನನ್ನನ್ನ ಸುಳ್ಳುಗಾರ ಮಾಡ್ತೀಯಾ? ಬಾರಿಸೋ!" ಅಂದ. ಡೋಲನ್ನು ಅವನ ಕಾಲ ಬಳಿ ಇಟ್ಟು ಅಮೆನಾನ್‌ಳ ಕೈ ಹಿಡಿದುಕೊಂಡು ಬಂದೆ. ಜೀಪಿನವರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ತಟ್ಟೆಗೆ ಕೈ ಹಾಕಿದರು. ಗಂಡ ಹೆಂಡತಿಯ ಜಗಳವೆಂದುಕೊಂಡಿರಬೇಕು.

ಸಹಿಯ ಆಸೆ ಮುಗಿಯಿತು. "ಕಣ್ಣು ಹೋದ್ರೆ ಹೋಗ್ಲಿ, ಒಂದೇ ದಿನಕ್ಕೆ ಸೊಸೆ ಮೊಮ್ಮಗಳು ಇಬ್ಬರೂ ಸಿಕ್ಕಿದ್ರಲ್ಲ" ಎಂದು ಅಮ್ಮ ನಗಿಸಲು ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಕೂತಳು, ಇವತ್ತಿನವರೆಗೂ ತಿರುಗಿಲ್ಲ. ಕಾರ್ಡ್ ನನ್ನ ಜೇಬಿನಲ್ಲಿದೆ. ಜೀಪು ಹೋಗಲಿ ಎಂದು ಅದನ್ನು ಇಟ್ಟುಕೊಳ್ಳದೆ ಅವತ್ತೇ ಕಳಿಸಿದ್ದರೆ! ಸ್ಫಾಕ್ಸಿನ ಪ್ರತಿ ಠಾಣೆಯ ಬಾಗಿಲು ಬಡಿದು ಬಂದ ಮಾವನಿಗೆ ಯಾರೂ ಏನೂ ಹೇಳಲಿಲ್ಲ. ನಾಳೆ ನಾನೂ ಹೊರಡುತ್ತೇನೆ. ಒಂದು ಮಾತು ಬರೆ ಅಕ್ಕ, ಬೈಗುಳವಾದರೂ ಸರಿ.

ದಾವ್


ಗಡಿಯ ಹತ್ತಿರದ ಶಾಲೆಯಿಂದ, ಜುಲೈ 9

ದಾವ್,

ಬದುಕಿದ್ದೇನೆ. ನೀರು ಹಂಚಲು ಬಂದ ಹುಡುಗಿಯೊಬ್ಬಳು ಈ ಹಾಳೆ ಕೊಟ್ಟಳು, ನಮ್ಮೂರ ಕಡೆ ಹೋಗುವ ವ್ಯಾನಿಗೆ ಕೊಡುತ್ತೇನೆ ಎಂದಿದ್ದಾಳೆ.

ಹೊಸಿಲು ದಾಟಲಿಲ್ಲ ನಾನು. ಹೊಸಿಲನ್ನೇ ಮುರಿದು ಬಂದರು. ಠಾಣೆಯಲ್ಲಿ ನಮ್ಮೂರ ಮಾತಾಡಿದೆ, "ಚೆನ್ನಾಗಿ ಕಲಿತಿದ್ದೀಯ" ಎಂದು ನಕ್ಕರು. ತಮ್ಮನಿಗೆ ಫೋನ್ ಮಾಡಿ ಅಂದೆ, "ಕರಿಯರೆಲ್ಲ ಒಬ್ಬರಿಗೊಬ್ಬರು ತಮ್ಮನೇ" ಅಂದರು. ಕೊನೆಗೆ ಆ ಹೆಸರನ್ನು ನಾನೇ ಹೇಳಿದೆ: ಉಮ್ದಾ ಹಾಜಿ ತೈಬನನ್ನು ಕೇಳಿ, ನಾನು ಅವರ ಮನೆಯಲ್ಲಿ ಬೆಳೆದವಳು. ಆ ಮಾತು ಆಡಿದ್ದಕ್ಕೆ ಬಾಯಿ ಈಗಲೂ ಕಹಿ. ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡಿದ್ದರು. ಅವನು ಅಂದದ್ದನ್ನೆಲ್ಲ ಕೇಳಿದೆ.

ಬಸ್ಸು ನಮ್ಮೂರ ನೀರಿನ ಟ್ಯಾಂಕಿನ ಪಕ್ಕದಲ್ಲೇ ಹಾದುಹೋಯಿತು. ಕಿಟಕಿಗೆ ಬಡಿದೆ, ಯಾರೂ ಇರಲಿಲ್ಲ. ಗಡಿಯ ಮರಳಿನಲ್ಲಿ ಇಳಿಸಿ ಆಚೆ ದೇಶಕ್ಕೆ ನಡೆಯಿರಿ ಅಂದರು. ಒಬ್ಬ ಹೆಂಗಸು ಕೂತವಳು ಏಳಲಿಲ್ಲ. ಅವಳ ಹೆಸರನ್ನು ಕೇಳಿಕೊಳ್ಳಲೂ ಆಗಲಿಲ್ಲ. ಉಳಿದವರನ್ನು ತಂದು ಈ ಶಾಲೆಯಲ್ಲಿ ಕೂಡಿಹಾಕಿದ್ದಾರೆ. ಬಸ್ಸು ಮತ್ತೆ ಬರುತ್ತದಂತೆ, ನಾಳೆಯೋ ನಾಡಿದ್ದೋ.

ಕಾರ್ಡ್ ತಗೊಂಡು ಬಾ. ನನ್ನನ್ನು ಗುರುತಿಸಲು ಊರಿನವರೊಬ್ಬರು ಬೇಕು ಎನ್ನುತ್ತಿದ್ದಾರೆ. ಹಾಜಿಯನ್ನು ಕರೆತರಬೇಡ, ಅವನು ಕಾರಿನಲ್ಲಿ ತಾನಾಗಿಯೇ ಬರುತ್ತೇನೆಂದರೂ ಬೇಡ. ಅಮ್ಮನನ್ನು ಕರೆತಾ. ಕಣ್ಣು ಕಾಣದವಳು ಹೇಗೆ ಗುರುತಿಸುತ್ತಾಳೆ ಎಂದು ಇವರು ಕೇಳಿದರೆ ಕೇಳಲಿ, ಅವಳ ಬೆರಳಿಗೆ ನನ್ನ ಹುಬ್ಬು ಗೊತ್ತು. ನನ್ನ ಜೊತೆ ಕೂತಿರುವವರಿಗೆ ಹಾಗೆ ಬಂದು ಮುಟ್ಟಿ ಹೇಳುವವರು ಯಾರೂ ಇಲ್ಲ. ನನ್ನನ್ನು ಬಿಟ್ಟ ಮೇಲೂ ನಾನು ತಕ್ಷಣ ಹೊರಡುವವಳಲ್ಲ, ತಿಳಿದಿರಲಿ. ಹೆಚ್ಚು ನೀರು ತಾ.

ಇನ್ನೊಂದು ಹೇಳಬೇಕು. ಫೋನಿನಲ್ಲಿ ಹಾಜಿಯ ದನಿಯ ಹಿಂದೆ ಡೋಲು ಕೇಳಿಸುತ್ತಿತ್ತು. ಅಪ್ಪನ ಏಟು, ಅಪ್ಪನ ಕೈಯಲ್ಲ. ನೀನೇ ಎಂದು ಗೊತ್ತಾಯಿತು. ಅವನು ನನ್ನನ್ನು ಹೆಸರು ಕದ್ದವಳು ಅಂದಾಗಲೂ ಅಷ್ಟು ನೋಯಲಿಲ್ಲ. ಆ ಸದ್ದು ಕೇಳಿ ಮಾತ್ರ ಕುಸಿದು ಕೂತೆ.

ಆಮೇಲೆ ಅದು ನಿಂತಿತು, ಏಟಿನ ನಡುವೆಯೇ. ಹಾಜಿ ಆಗ ಇನ್ನೂ ಮಾತಾಡುತ್ತಲೇ ಇದ್ದ, ಅವನು ಕೈ ಎತ್ತಿರಲಾರ. ನಿಲ್ಲಿಸಿದ್ದು ನೀನೇ ಅಲ್ಲವೇ?

ಬೇಗ ಬಾ ತಮ್ಮ.

ಖದ್ರಾ